ಎದುರಿಗೆ ನಿಂತವಳು

ನಮ್ಮನೆಯವರು ಕಾರು ತೆಗೆದುಕೊಂಡು ದೂರ ಹೊರಡುವುದೆಂದರೆ ಹಿಂದಿನ ದಿನವೆಲ್ಲ ನನಗೆ ಕೂಲಿಯಿಲ್ಲದ ಚಾಕರಿ. ಅವರು ಬಾನೆಟ್ಟು ಎತ್ತಿದರೆ ನಾನು ಬಟ್ಟೆ ಹಿಡಿದು ನಿಲ್ಲಬೇಕು. ಅವರು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತರೆ ನಾನು ನಟ್ಟು ತಿರುಗಿಸುವ ಪಾನಾ ಎತ್ತಿ ಕೊಡಬೇಕು. ಒಂದರ ಬದಲು ಇನ್ನೊಂದು ಕೊಟ್ಟೆನೋ, "ಇಷ್ಟು ವರ್ಷ ಡ್ರೈವರ್ ಹೆಂಡ್ತಿಯಾಗಿ ಏನು ಕಲಿತೆ" ಎಂದು ಶುರು. ಕಾರ್ಖಾನೆಯ ಬಸ್ಸು ಓಡಿಸಿ ನಿವೃತ್ತರಾದವರು. ಒಂದು ಕೋಳಿಗೂ ಗಾಲಿ ತಾಗಿಸಿದವನಲ್ಲ ಎಂಬುದು ಅವರ ಜಂಬ. ಜಂಬ ಸುಳ್ಳಾಗಿದ್ದರೆ ಬಾಯಿ ಮುಚ್ಚಿಸಬಹುದಿತ್ತು. ಸುಳ್ಳಲ್ಲ, ಅದೇ ಕಷ್ಟ.

ಆ ಸಲ ಮರುದಿನ ಬೆಳಿಗ್ಗೆ ಮಗಳ ಊರಿಗೆ ಹೊರಡುವುದಿತ್ತು. ಹೋಗುವಾಗ ನಾವಿಬ್ಬರೇ, ಬರುವಾಗ ಮಗಳೂ ಅವಳ ಹಸುಗೂಸೂ ಜೊತೆಗೆ. ಅವಳಿಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿದ್ದರು, ಬಸ್ಸಿನ ಕುಲುಕಾಟ ತಡೆಯುವ ಸ್ಥಿತಿಯಲ್ಲಿರಲಿಲ್ಲ. ಅಳಿಯ ಹಡಗಿನಲ್ಲಿ ಕೆಲಸ ಮಾಡುವವನು, ಆಗ ಯಾವ ಸಮುದ್ರದ ಮೇಲಿದ್ದನೋ. ನಡುವೆ ಒಂದು ಗುಡ್ಡ ಹತ್ತಿ ಇಳಿಯಬೇಕು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಣುಕಿದರೆ ತಲೆ ತಿರುಗುವ ಪ್ರಪಾತ. "ಆ ರಸ್ತೆ ನಂಗೆ ಬಾಯಿಪಾಠ ಕಣೇ" ಎನ್ನುತ್ತಿದ್ದರು. ಆ ಮಾತು ಅವರು ಎಷ್ಟು ಸಲ ಹೇಳಿದರೆಂದು ಆಮೇಲೆ ಯೋಚಿಸಿದೆ.

ಇತ್ತೀಚೆಗೆ ಮನುಷ್ಯ ಮೆತ್ತಗಾಗಿದ್ದಾರೆಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಬೆಳಿಗ್ಗೆ ಪೇಪರ್ ಬಂದರೆ ನನ್ನ ಕೈಗೆ ಕೊಟ್ಟು "ನೀನೇ ಓದು, ನಿನ್ನ ಬಾಯಲ್ಲಿ ಕೇಳೋಕೆ ಚೆನ್ನಾಗಿರುತ್ತೆ" ಎನ್ನುತ್ತಿದ್ದರು. ರಸ್ತೆ ದಾಟುವಾಗ ಕೈ ಹಿಡಿಯುತ್ತಿದ್ದರು. ಮದುವೆಯಾದ ಹೊಸದರಲ್ಲೂ ಹಿಡಿದವರಲ್ಲ. "ಏನ್ರೀ, ಈಗ ಪ್ರಾಯ ಬಂತಾ ಇಬ್ಬರಿಗೂ" ಎಂದು ಪಕ್ಕದ ಮನೆಯಾಕೆ ಛೇಡಿಸಿದಾಗ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಮಗಳು ಕೂಸಿನ ಫೋಟೋ ಕಳಿಸಿದ ದಿನ ಫೋನನ್ನು ಮುಖದ ಹತ್ತಿರ ಹಿಡಿದು "ಮೂಗು ಥೇಟ್ ನಿಂದೇ" ಎಂದರು. ಅದೇ ಮೂಗನ್ನು ಹಿಂದೆ ಒಣಮೆಣಸಿನಕಾಯಿ ಎಂದು ಆಡಿಕೊಂಡ ಬಾಯಿ ಅದು. ನಾನೂ ಫೋಟೋ ನೋಡಿದೆ, ಮೂಗು ನನ್ನದಾಗಿರಲಿಲ್ಲ. ಹೊಗಳಿಕೆ ತಾನಾಗಿ ಬಂದರೆ ಬೇಡವೆನ್ನಲು ನನಗೇನು ಹುಚ್ಚೇ?

ಆ ಮಧ್ಯಾಹ್ನ, ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಂತಿದ್ದ ಕಾರನ್ನು ಇಬ್ಬರೂ ಅಂಗಳಕ್ಕೆ ತಳ್ಳಿದೆವು. ಪೆಟ್ರೋಲು ದುಬಾರಿ ಎಂದು ಅವರೇ ಅದನ್ನು ಮುಟ್ಟಿರಲಿಲ್ಲ. ರೇಡಿಯೇಟರಿಗೆ ನೀರು ಹುಯ್ದರು, ಬೆರಳಿನಿಂದ ಮಟ್ಟ ನೋಡಿದರು. ಆಮೇಲೆ ಎಂಜಿನ್ ಆಯಿಲಿನ ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಸಿ, ಎಳೆದು ಬಿಸಿಲಿಗೆ ಹಿಡಿದರು.

"ಭರ್ತಿ ಇದೆ" ಎಂದರು.

ಆ ಕಡ್ಡಿಯಲ್ಲಿ ಎರಡು ಗೀರುಗಳಿರುತ್ತವೆ, ಎಣ್ಣೆ ಅವೆರಡರ ನಡುವೆ ನಿಲ್ಲಬೇಕು. ಇಷ್ಟು ವರ್ಷ ಪಕ್ಕದಲ್ಲಿ ನಿಂತವಳಿಗೆ ಅಷ್ಟೂ ಗೊತ್ತಿರುವುದಿಲ್ಲವೇ. ಎಣ್ಣೆ ಕೆಳಗಿನ ಗೀರನ್ನೂ ಮುಟ್ಟಿರಲಿಲ್ಲ. ತುದಿಯಲ್ಲಿ ಒಂದು ಕರಿ ಹನಿ ಇತ್ತು, ಅಷ್ಟೇ.

"ಸರಿಯಾಗಿ ನೋಡ್ರೀ."

"ಈಗ ನೀನು ನಂಗೆ ಹೇಳ್ಕೊಡ್ತೀಯಾ?" ಎಂದರು. ಆದರೂ ಕಾಳು ಕಂಡ ಕೋಳಿಯ ಹಾಗೆ ತಲೆ ವಾರೆ ಮಾಡಿ ಕಡ್ಡಿಯನ್ನು ನೋಡಿದರು. ಇನ್ನೂ ವಾರೆ ಮಾಡಿದರು. ಕೊನೆಗೆ ತುದಿಯನ್ನು ಬೆರಳಿನಿಂದ ಸವರಿ, ಹೆಬ್ಬೆರಳಿಗೆ ಉಜ್ಜಿ, "ಹೂಂ, ಒಂಚೂರು ಹಾಕೋಣ" ಎಂದರು, ನನ್ನ ಕಡೆ ತಿರುಗದೆ.

ಬಿಸಿಲಿನ ಝಳವಿರಬೇಕು, ವಯಸ್ಸಾಯಿತು, ಚಾಳೀಸು ಬದಲಾಯಿಸಬೇಕೇನೋ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟರಲ್ಲಿ ಅವರು ಗಾಳಿ ಅಳೆಯುವ ಗೇಜನ್ನು ಚಕ್ರಕ್ಕೆ ಒತ್ತಿ, "ಎಷ್ಟಿದೆ ಹೇಳು, ಓದೋಕೆ ಬರುತ್ತಾ ನೋಡೋಣ" ಎಂದರು. ಗೇಜು ಅವರ ಮೂಗಿನ ಕೆಳಗೇ ಇತ್ತು. ಮುಳ್ಳು ತೀರಾ ತಳದಲ್ಲಿತ್ತು. ನಾನು ಬೇಕೆಂದೇ "ಸರಿಯಾಗಿದೆ" ಎಂದೆ.

"ನೋಡ್ದ್ಯಾ, ನಾನು ಹೇಳ್ಲಿಲ್ವಾ" ಎಂದು ಅವರು ಮುಂದಿನ ಚಕ್ರಕ್ಕೆ ಸರಿದರು.

ಪೇಪರ್ ಓದಿಸಿಕೊಂಡದ್ದು, ಅಂಗಡಿಯಲ್ಲಿ ಚಿಲ್ಲರೆ ನನ್ನ ಕೈಯಲ್ಲಿ ಕೊಡಿಸಿದ್ದು, ಟೀವಿಯನ್ನು ಬರೀ ಕೇಳುತ್ತ ಕೂತದ್ದು, ರಸ್ತೆಯಲ್ಲಿ ಕೈ ಹಿಡಿದದ್ದು, ಎಲ್ಲ ಒಂದೊಂದಾಗಿ ಬಂದು ಎದುರು ನಿಂತವು. ಇಷ್ಟು ದಿನ ನನ್ನದೆಂದುಕೊಂಡ ಒಂದು ಒಡವೆ ಗಿಲೀಟು ಎಂದು ಗೊತ್ತಾದ ಹಾಗಾಯಿತು. ಆದರೆ ಆ ನೋವನ್ನು ನೋಡಿಕೊಳ್ಳಲು ಪುರುಸೊತ್ತೆಲ್ಲಿ? ಗುಡ್ಡದ ತಿರುವುಗಳು ಕಣ್ಣಿಗೆ ಕಟ್ಟಿದವು. ಹಿಂದಿನ ಸೀಟಿನಲ್ಲಿ ಹೊಲಿಗೆ ಒಣಗದ ಮಗಳು, ಅವಳ ಮಡಿಲಲ್ಲಿ ಕತ್ತು ನಿಲ್ಲದ ಕೂಸು, ಮುಂದೆ ಬಾಯಿಪಾಠದ ಮೇಲೆ ಕಾರು ಬಿಡುವ ಅಜ್ಜ.

"ರೀ, ಈ ಸಲ ಬಾಡಿಗೆ ಕಾರು ಮಾಡೋಣ. ನಿಮಗೂ ಆಯಾಸ" ಎಂದು ಮೆಲ್ಲಗೆ ತೆಗೆದೆ.

"ನಾನು ಬದುಕಿರೋವಾಗ ನನ್ನ ಮಗಳು ಕಂಡೋರ ಕಾರಲ್ಲಿ ಬರ್ಬೇಕಾ? ಯಾವನೋ ನಿದ್ದೆಗಣ್ಣಲ್ಲಿ ಓಡಿಸ್ತಾನೆ, ಕೂತು ಸಾಯ್ತೀಯಾ?"

ಅವರು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಎಣ್ಣೆ ಹುಯ್ದು, ಬಾನೆಟ್ಟು ಹಾಕಿ, ಸೀಟಿನಲ್ಲಿ ಕೂತರು. ಬೀದಿಯ ಕೊನೆಯ ಪೆಟ್ರೋಲ್ ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿಕೊಂಡು ಬರಬೇಕಂತೆ. "ಗೇಟ್ ತೆಗಿ" ಎಂದರು. ಶಾಲೆ ಬಿಡುವ ಹೊತ್ತು ಅದು. ಬೀದಿಯಲ್ಲಿ ಮಕ್ಕಳ ಗಲಾಟೆ ಆಗಲೇ ಕೇಳುತ್ತಿತ್ತು.

ನಿಮಗೆ ಕಣ್ಣು ಕಾಣುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ಅದು ಸುಳ್ಳಾದರೆ ಆ ಮನುಷ್ಯ ಸಾಯುವತನಕ ನನ್ನನ್ನು ಕ್ಷಮಿಸುವುದಿಲ್ಲ. ನಿಜವಾದರೆ ಒಪ್ಪುವುದಿಲ್ಲ. ಬೈದು ನನ್ನ ಬಾಯಿ ಮುಚ್ಚಿಸಿ, ಹೋಗಿಯೇ ಹೋಗುತ್ತಾರೆ.

ನಾನು ಗೇಟು ತೆಗೆದೆ. ಪಕ್ಕಕ್ಕೆ ಸರಿಯಲಿಲ್ಲ. ಕಾರು ತೊಳೆಯುವ ಕೆಂಪು ಬಕೆಟ್ಟು ಕೈಯಲ್ಲೇ ಇತ್ತು. ಅದನ್ನು ಎದೆಗವಚಿಕೊಂಡು ಗೇಟಿನ ಎರಡು ಕಂಬಗಳ ನಟ್ಟನಡುವೆ, ಬಾನೆಟ್ಟಿನ ನೇರಕ್ಕೆ, ತುಟಿಪಿಟಕ್ಕೆನ್ನದೆ ನಿಂತೆ.

ಎಂಜಿನ್ ಹತ್ತಿಕೊಂಡಿತು. ಗಾಜಿನ ಹಿಂದೆ ಅವರ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ನೇರ ನನ್ನ ಮುಖವನ್ನೇ ನೋಡುತ್ತಿದ್ದರು. ನಿಲ್ಲಿಸುತ್ತಾರೆ, ಇಳಿದು ಬೈಯುತ್ತಾರೆ ಎಂದುಕೊಂಡೆ. ಬೈಯಲಿ ದೇವರೇ, ಬಾಯಿಗೆ ಬಂದದ್ದು ಬೈಯಲಿ ಎಂದು ಬೇಡಿಕೊಂಡೆ. ಗೇರು ಬಿದ್ದ ಸದ್ದಾಯಿತು. ಅವರು ನನ್ನ ಮುಖದಿಂದ ಕಣ್ಣು ಕೀಳದೆಯೇ, ಎರಡೂ ಕಡೆಯ ಕಂಬಗಳನ್ನು ಅಳೆದವರ ಹಾಗೆ, ತೃಪ್ತಿಯಿಂದ ತಲೆಯಾಡಿಸಿದರು. ಕಾರು ಮುಂದಕ್ಕೆ ಉರುಳತೊಡಗಿತು.

ಓಡಬೇಕೆಂದರೆ ಕಾಲು ಏಳಲಿಲ್ಲ. ನನ್ನನ್ನೇ ನೋಡುತ್ತ, ಹಾಡು ಗುನುಗುತ್ತ, ನನ್ನ ಗಂಡ ನನ್ನ ಮೇಲೆ ಕಾರು ತರುತ್ತಿದ್ದರು. ಬಂಪರು ಮೊಣಕಾಲಿಗೆ ತಾಗಿತು. ಬಕೆಟ್ಟು ಕೈಜಾರಿ ಬಿತ್ತು. ನಾನು ಎರಡೂ ಕೈಯಿಂದ ಬಾನೆಟ್ಟು ಬಡಿದೆ.

ಕಾರು ಜಗ್ಗಿ ನಿಂತಿತು. ಅವರು ಕಿಟಕಿಯಿಂದ ತಲೆ ಹೊರಹಾಕಿ ಕೇಳಿದರು.

"ಯಾರ್ರೀ ಅದು?"

ಇಷ್ಟು ವರ್ಷ ಸಂಸಾರ ಮಾಡಿ ಒಂದು ದಿನ ನನ್ನನ್ನು ರೀ ಎಂದವರಲ್ಲ. ನನಗೆ ಅಳು ಉಕ್ಕಿ ಬಂತು.

"ನಾನು" ಎಂದೆ.

ಅವರು ಎಂಜಿನ್ ಆರಿಸಿದರು. ಬಹಳ ಹೊತ್ತು ಸ್ಟೇರಿಂಗ್ ಹಿಡಿದೇ ಕೂತಿದ್ದರು. ನಾನು ಗೇಟು ಮುಚ್ಚಿ, ಕುಂಟುತ್ತ ಬಂದು ಪಕ್ಕದ ಸೀಟಿನಲ್ಲಿ ಕೂತೆ.

"ಪೆಟ್ಟಾಯ್ತಾ?"

"ನನ್ನದು ಬಿಡಿ. ಯಾವಾಗಿಂದ?"

"ಹೋದ ಚಳಿಗಾಲದಿಂದ." ದನಿ ಅವರದೆನ್ನಿಸಲಿಲ್ಲ. "ನಡುವೆ ಒಂದು ಬೂದಿ ಕಲೆ. ಸುತ್ತ ಇರೋದೆಲ್ಲ ಕಾಣುತ್ತೆ, ಯಾವುದನ್ನ ನೋಡ್ತೀನೋ ಅದೇ ಕಾಣಲ್ಲ. ಡಾಕ್ಟರ ಹತ್ರ ಹೋಗಿದ್ದೆ, ನಿಂಗೆ ಹೇಳದೆ. ಪೊರೆ ಅಲ್ವಂತೆ, ಕೀಳೋಕಾಗಲ್ವಂತೆ. ಕಲೆ ಇನ್ನೂ ಅಗಲ ಆಗುತ್ತಂತೆ."

"ಗೊತ್ತಿದ್ದೂ ನಾಳೆ ಗುಡ್ಡ ಹತ್ತಿಸ್ತಿದ್ರಾ? ಆ ಹಸುಗೂಸು ಇಟ್ಕೊಂಡು?"

"ಅಂಚಲ್ಲಿ ಕಲ್ಲು, ಕಟ್ಟೆ ಎಲ್ಲ ಕಾಣುತ್ತಲ್ಲ, ನಿಧಾನಕ್ಕೆ ಹೋದ್ರೆ ಆಗುತ್ತೆ ಅಂದ್ಕೊಂಡಿದ್ದೆ. ಎದುರಿಗೆ ಯಾರಾದ್ರೂ ಬಂದ್ರೆ ಅನ್ನೋದು ರಾತ್ರಿ ಹೊಳೆಯೋದು, ಬೆಳಿಗ್ಗೆ ಮರೆತುಹೋಗೋದು." ಹೆಬ್ಬೆರಳಿನಿಂದ ಕೀಲಿಯನ್ನು ಸವರುತ್ತ ಹೇಳಿದರು, "ಹೆದರಿಕೆ ಕಣೇ. ಕೀಲಿ ಒಂದು ಕೈಬಿಟ್ರೆ ಆಮೇಲೆ ನಾನು ಯಾರು?"

ಬೈಯಬೇಕೆಂದು ಬಾಯಿಗೆ ಬಂದದ್ದನ್ನೆಲ್ಲ ನುಂಗಿದೆ. ಒಂದನ್ನು ನುಂಗಲಾಗಲಿಲ್ಲ. "ರಸ್ತೇಲಿ ಕೈ ಹಿಡೀತಿದ್ದದ್ದೂ ಇದಕ್ಕೇನಾ?"

"ಮೊದಮೊದಲು ಇದಕ್ಕೇ" ಎಂದರು.

ಆಮೇಲೆ ಕೀಲಿ ಕಿತ್ತು ನನ್ನ ಕಡೆ ಚಾಚಿದರು. ಚಾಚಿದ ಕೈ ನನ್ನಿಂದ ಒಂದು ಗೇಣು ಆಚೆ ಗಾಳಿಯಲ್ಲಿ ನಿಂತಿತ್ತು. ನಾನೇ ಅಂಗೈಯನ್ನು ಅದರ ಕೆಳಗೆ ಒಯ್ದೆ. ನಾಳೆ ಈ ಕಾರು ಹೊರಡುವುದಿಲ್ಲ ಎಂದು ಖಚಿತವಾಗಿ, ಹೋದ ಜೀವ ಬಂದ ಹಾಗಾಯಿತು. ಆದರೆ ಅಗಲವಾಗುತ್ತಿರುವ ಆ ಕಲೆ ನೆನಪಾಗಿ ಇನ್ನೊಂದು ಹೆದರಿಕೆ ಬಂದು ಕೂತಿತು, ಅದಕ್ಕೆ ಯಾವ ಗೇಟು ಮುಚ್ಚುವುದೋ ನನಗೆ ತಿಳಿಯಲಿಲ್ಲ.

"ಬಾಡಿಗೆ ಕಾರಿಗೆ ಹೇಳು. ವಯಸ್ಸಾದ ಡ್ರೈವರ್ ಬೇಕು ಅನ್ನು. ಮಗಳಿಗೆ ನಾನೇ ಹೇಳ್ತೀನಿ, ಫೋನ್ ಹಚ್ಚಿ ಕೊಡು."

ನಾನು ಫೋನು ತೆಗೆದೆ. ಅವರು ನನ್ನ ಮಣಿಕಟ್ಟು ಹಿಡಿದು ತಡೆದರು.

"ಅದಕ್ಕೆ ಮುಂಚೆ ಒಂದು ಹೇಳು. ಆ ಫೋಟೋದಲ್ಲಿ ಕೂಸಿನ ಮೂಗು ಯಾರದು?"

"ನಿಮ್ಮದು."

"ಸಮಾಧಾನಕ್ಕೆ ಹೇಳ್ಬೇಡ."

"ಸುಳ್ಳು ಹೇಳೋದು ನಿಮ್ಮ ಕಸುಬು, ನಂದಲ್ಲ. ನಿಮ್ಮದೇ ಮೂಗು, ಎತ್ತಿ ಇಟ್ಟ ಹಾಗಿದೆ."

ಅವರು ಎಣ್ಣೆ ಮೆತ್ತಿದ ಬೆರಳನ್ನು ಎತ್ತಿ, ತಮ್ಮ ಮೂಗನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಮುಟ್ಟಿ ನೋಡಿಕೊಂಡರು.