ಮರದ ಡಿಪೋದ ಗೋಡೆಯ ಮೇಲಿನ ಹಾವು

ಹಲಗೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ನಮ್ಮ ಮರದ ಡಿಪೋದಲ್ಲಿ ಇದು ಎಲ್ಲರಿಗೂ ಗೊತ್ತು. ಹಾವು ಕಂಡರೆ ಎಲ್ಲರೂ ಕೋಲು ಹಿಡಿಯುತ್ತಿದ್ದರು. ಮೂರು ತಿಂಗಳ ಹಿಂದೆ ನನ್ನ ಗಂಡ ಅಡಿಯ ಹಲಗೆ ಎತ್ತಲು ಬರಿಗೈ ಹಾಕಿದರು. ಹಾವು ಕಚ್ಚಿತು. ಅವರು ಉಳಿಯಲಿಲ್ಲ.

ನಲವತ್ತು ವರ್ಷ ಗರಗಸ ಹಿಡಿದವರು. ಅವರ ನೆನಪಿಗೆ ಬೀದಿಯ ಕಡೆಯ ಗೋಡೆಯ ಮೇಲೆ ಅವರ ಚಿತ್ರ ಬರೆಸಬೇಕೆಂದು ಡಿಪೋದವರು ನಿಶ್ಚಯಿಸಿದರು. ಚಿತ್ರಕಾರ ಗೋಡೆಗೆ ಬಿಳಿ ಬಳಿದು, ಫೋಟೋ ಕೇಳಲು ಮನೆಗೆ ಬಂದ.

"ಫೋಟೋ ಕೊಡೋದಿಲ್ಲಪ್ಪಾ. ಆ ಗೋಡೆ ಮೇಲೆ ಹಾವು ಬರೆ," ಎಂದೆ.

ಪಕ್ಕದಲ್ಲಿದ್ದ ಮೈದುನ ಕಿಡಿಕಿಡಿಯಾದ. ಅವನೂ ಅದೇ ಡಿಪೋದಲ್ಲಿ ಹಲಗೆ ಜೋಡಿಸುವವನು.

"ಅತ್ತಿಗೆ, ತಲೆ ನೆಟ್ಟಗಿದೆಯಾ? ಅಣ್ಣನ್ನ ಕೊಂದದ್ದನ್ನ ಗೋಡೆ ಮೇಲೆ ಕೂರಿಸ್ತೀರಾ? ಜನ ಮುಖಕ್ಕೆ ಉಗೀತಾರೆ!"

"ಉಗೀಲಿ. ಒರೆಸಿಕೊಳ್ಳೋಕೆ ಸೆರಗಿದೆ."

ಅಂದು ಮನೆಗೆ ಬಂದಿದ್ದ ನನ್ನ ಅಕ್ಕನ ಮಗಳು ಮೃಗಾಲಯದಲ್ಲಿ ಹಾವುಗಳನ್ನು ನೋಡಿಕೊಳ್ಳುವವಳು. "ಜಗಳ ಆಮೇಲೆ ಆಡಿ. ಬರೆಯೋ ಮೊದಲು ಒಂದ್ಸಲ ಅದರ ಮುಖ ನೋಡಿ, ಬನ್ನಿ," ಎಂದು ಚಿತ್ರಕಾರನನ್ನೂ ಸೇರಿಸಿ ನಮ್ಮ ಮೂವರನ್ನೂ ಅಲ್ಲಿಗೆ ಕರೆದುಕೊಂಡು ಹೋದಳು.

ಗಾಜಿನ ಆಚೆ ಅವರನ್ನು ಕಚ್ಚಿದ ಜಾತಿಯದೇ ಹಾವು ಮಲಗಿತ್ತು. ಮೈದುನನ ಕಣ್ಣು ಕೆಂಪಾಯಿತು. ಗಾಜು ತಟ್ಟಬಾರದೆಂಬ ಫಲಕದ ಪಕ್ಕದಲ್ಲೇ ಅಂಗೈಯಿಂದ ಬಡಿದ. ಹಾವು ಸರ್ರನೆ ಕಲ್ಲಿನ ಹಿಂದೆ ಸರಿಯಿತು. ಬಾಲದ ತುದಿ ಮಾತ್ರ ಕಾಣುತ್ತಿತ್ತು.

"ನೋಡಿದ್ರಾ ಚಿಕ್ಕಪ್ಪ? ನಿಮ್ಮ ಗಾತ್ರ ಅದಕ್ಕೂ ಗೊತ್ತು," ಎಂದು ಅವಳು ನಕ್ಕಳು. "ಅದಕ್ಕೆ ಬೇಕಾಗಿರೋದು ಇಲಿ, ನೀವಲ್ಲ. ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ ಅಂದಾಗ ಕಚ್ಚುತ್ತೆ. ಹಲಗೆ ಎತ್ತೋ ಮೊದಲು ಉದ್ದನೆ ಕೋಲಿನಿಂದ ತಟ್ಟಿ, ದೂರ ನಿಂತು ಕಾಯಿರಿ. ಬೂಟು, ದಪ್ಪ ಕೈಗವಸು ಹಾಕಿ. ಉಂಡು ಉಳಿದಿದ್ದನ್ನ ಅಲ್ಲೇ ಎಸೆದು ಇಲಿ ಸಾಕಬೇಡಿ. ಹಾವು ಕಂಡ್ರೆ ಹಿಡಿಯೋಕೆ ಕಲಿತವರಿಗೆ ಫೋನ್ ಮಾಡಿ."

"ಕಚ್ಚಿಬಿಟ್ರೆ? ಕೊಂದು ಡಾಕ್ಟರಿಗೆ ತೋರಿಸಬೇಡವಾ?" ಎಂದ ಮೈದುನ.

"ಬೇಡ. ಡಾಕ್ಟರು ಮನುಷ್ಯನ್ನ ನೋಡಿ ಔಷಧಿ ಕೊಡ್ತಾರೆ. ಸತ್ತ ಹಾವಿಗಾಗಿ ಒಂದು ನಿಮಿಷವೂ ಕಳೀಬೇಡಿ."

ಮೈದುನನ ಕೈ ಗಾಜಿನಿಂದ ಕೆಳಗಿಳಿಯಿತು.

ಹಾವು ಕಚ್ಚಿದ ದಿನ, ಹಲಗೆಗೆ ಗೆರೆ ಹೊಡೆಯುವ ದಾರವನ್ನು ಅಣ್ಣನ ತೋಳಿಗೆ ಬಿಗಿದವನು ಅವನೇ. "ಹಾವನ್ನ ಬಿಡಬೇಡಿ!" ಎಂದು ಕೂಗಿದವನೂ ಅವನೇ. ಹತ್ತು ಜನ ಸೇರಿ ಒಂದು ಗಂಟೆ ಹಲಗೆ ರಾಶಿಯನ್ನು ತಲೆಕೆಳಗು ಮಾಡಿದರು. ನನ್ನ ಯಜಮಾನರು ಮರದ ಹೊಟ್ಟಿನ ಮೇಲೆ ಕೂತು ಕಾಯುತ್ತಿದ್ದರು. ಹಾವನ್ನು ಕೊಂದು ಗೋಣಿಗೆ ತುಂಬಿದ ಮೇಲೆ ಆಸ್ಪತ್ರೆಗೆ ಹೊರಟೆವು. ಅಲ್ಲಿ ಔಷಧಿ ಇತ್ತು. ಅವರಿಗೆ ಹೊತ್ತು ಉಳಿದಿರಲಿಲ್ಲ.

"ನಾನೇ ಅತ್ತಿಗೆ... ನಾನೇ ತಡ ಮಾಡಿದ್ದು."

"ನೀನೊಬ್ಬನೇ ಅಲ್ಲ. ಸುದ್ದಿ ಕೇಳಿ ಓಡಿ ಬಂದು ನಿಮ್ಮ ಕೈಗೆ ಕೋಲು ತಂದುಕೊಟ್ಟವಳು ನಾನು. ಹಾವಿಗೆ ಒಂದು ಗಂಟೆ ಕೊಟ್ಟೆವು, ಅವರಿಗೆ ಕೊಡಲಿಲ್ಲ. ದಿನಾ ದೇವರ ಮುಂದೆ ಕೂತು ಆ ಹಾವಿಗೆ ಶಾಪ ಹಾಕಿದೆ ಕಣೋ. ದೇವರು ನನ್ನ ಕೈಯಲ್ಲಿದ್ದ ಕೋಲನ್ನೇ ತೋರಿಸಿದ. ಈಗ ಹೇಳು, ಗೋಡೆ ಮೇಲೆ ಏನು ಬರೆಸೋಣ?"

ಅವನು ಗಾಜಿನ ಮೇಲೆ ಬಿದ್ದಿದ್ದ ತನ್ನ ಅಂಗೈ ಗುರುತನ್ನು ಒರೆಸಿದ. "ಏಣಿ ನಾನು ಹಿಡೀತೀನಿ," ಎಂದ.

ಗೋಡೆಯ ಉದ್ದಕ್ಕೂ ಈಗ ಹಾವಿದೆ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಹೀಗೆ ಬರೆದಿದೆ: "ನನ್ನನ್ನು ಹುಡುಕಬೇಡಿ. ಕಚ್ಚಿಸಿಕೊಂಡವರನ್ನು ಆಸ್ಪತ್ರೆಗೆ ಒಯ್ಯಿರಿ." ಮೊದಲ ವಾರ ಯಾರೋ ಕೆಸರು ಎರಚಿದರು. ತೊಳೆದೆ. ಮತ್ತೆ ಎರಚಿದರು. ಮೈದುನನೂ ನಾನೂ ಮತ್ತೆ ತೊಳೆದೆವು. ಎರಚುವವರ ಕೈ ಸೋಲಲಿ, ನಮ್ಮ ಬಕೆಟ್ ಸೋಲುವುದಿಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ತಾಯಂದಿರೇ, ಹಾವೂ ದೇವರು ಕೊಟ್ಟ ಜೀವ. ಅದನ್ನು ಅದರ ಪಾಡಿಗೆ ಬಿಡಿ. ಯಾರಿಗಾದರೂ ಕಚ್ಚಿದರೆ ಅವರನ್ನು ನಡೆಸಬೇಡಿ, ಓಡಿಸಬೇಡಿ. ಉಂಗುರ, ಬಳೆ ತೆಗೆಯಿರಿ. ದಾರ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಬಾಯಿ ಹಾಕಿ ಹೀರಬೇಡಿ. ತಕ್ಷಣ ಗಾಡಿ ಹತ್ತಿಸಿ ಆಸ್ಪತ್ರೆಗೆ ಹೊರಡಿ. ಹಾವಿನ ಮೇಲಿನ ಸಿಟ್ಟು ಆಮೇಲೂ ಇರುತ್ತದೆ, ಎಲ್ಲಿಗೂ ಹೋಗುವುದಿಲ್ಲ. ನಿಮ್ಮವರು ಹೋಗಿಬಿಡುತ್ತಾರೆ.