ಗಂಟಿಲ್ಲದ ಏಪ್ರನ್

ವಿಲೈ ನಲವತ್ತನೆಯ ಪುಸ್ತಕದ ಕೊನೆಯ ಹಾಳೆಯನ್ನೂ ಬ್ಲೇಡಿನಿಂದ ಕೊಯ್ದು ತೆಗೆದಳು. ಅಮ್ಮನ ಸಂಸ್ಕಾರಕ್ಕೆ ಬಂದವರಿಗೆಲ್ಲ ಹಂಚಬೇಕಾದ ನೆನಪಿನ ಪುಸ್ತಕ. ಮಹಾಚಾಯ್ ಊರಿನ ಬೌದ್ಧ ವಿಹಾರದ ಮಂಟಪದಲ್ಲಿ ಇನ್ನೂ ಇನ್ನೂರು ಪ್ರತಿ ಕಾದಿದ್ದವು. ಅಮ್ಮ ಪ್ರನೋಮ್ ಸಾಯುವ ಮುಂಚೆ ಅಚ್ಚಿನವನಿಗೆ ಗುಟ್ಟಾಗಿ ಹೇಳಿ, ತಾನೇ ಕಂಡುಹಿಡಿದು ಹೊಲಿದು ಮಾರುತ್ತಿದ್ದ ಏಪ್ರನ್ನಿನ ಅಳತೆ, ಕತ್ತರಿಸುವ ಗೆರೆಗಳನ್ನೆಲ್ಲ ಆ ಹಾಳೆಯಲ್ಲಿ ಹಾಕಿಸಿದ್ದಳು. ಮಹಾತಾಯಿ!

"ಇದನ್ನ ಊರಿಗೆಲ್ಲ ಹಂಚಿಬಿಟ್ರೆ ನಾಳೆ ನಮ್ಮ ಹತ್ರ ಯಾರು ಕೊಳ್ತಾರೆ, ಸಮೋನಕ್ಕ? ಹೊಲಿಯೋ ಹನ್ನೆರಡು ಜನರ ಹೊಟ್ಟೆಗೇನು?"

"ಆ ಹನ್ನೆರಡರಲ್ಲಿ ನಾನೂ ಒಬ್ಳು ಕಣೇ," ಎಂದಳು ಅವರ ಏಪ್ರನ್ ಅಂಗಡಿಯ ಹಿರಿಯ ದರ್ಜಿ ಸಮೋನ್. "ಆದ್ರೂ ಹೆತ್ತೋಳ ಹೆಣದ ಮುಂದೆ ಕೂತು ಅವಳ ಮಾತು ಕೊಯ್ಯೋಕೆ ಮನಸ್ಸಾದ್ರೂ ಹೇಗೆ ಬರುತ್ತೆ ನಿಂಗೆ?"

ವಿಲೈ ನಲವತ್ತೊಂದನೆಯ ಪುಸ್ತಕ ಎಳೆದುಕೊಂಡಳು.

*

ಎಷ್ಟೋ ವರ್ಷದ ಹಿಂದೆ ಮೀನುಪೇಟೆಯಲ್ಲಿ ಐಸ್ ಪುಡಿಮಾಡುವ ಯಂತ್ರಕ್ಕೆ ಪ್ರನೋಮಳ ಗೆಳತಿಯ ಏಪ್ರನ್ ಸಿಕ್ಕಿಕೊಂಡಿತ್ತು. ಬೆನ್ನ ಮೇಲಿನ ಒದ್ದೆ ಗಂಟು ಬಿಚ್ಚುವಷ್ಟರಲ್ಲಿ ಗೆಳತಿಯ ತೋಳು ಹೋಗಿತ್ತು. ಆಮೇಲೆ ಮೂರು ವರ್ಷ ಬಟ್ಟೆ ಹಾಳುಮಾಡಿ ಪ್ರನೋಮ್ ಕಂಡುಕೊಂಡದ್ದು ಇಷ್ಟೇ: ಒಂದೇ ತುಂಡು ಬಟ್ಟೆ, ಎರಡು ಕಡೆ ಕತ್ತರಿ, ಗಂಟೇ ಇಲ್ಲ. ಪಟ್ಟಿ ಬೆನ್ನ ಮೇಲೆ ಅಡ್ಡ ಹಾಯುತ್ತದೆ. ಜಗ್ಗಿದರೆ ಜಾರಿ ಕೈಗೆ ಬರುತ್ತದೆ.

ಅಂಗಡಿ ತನ್ನ ಕೈಗೆ ಬಂದಾಗ ವಿಲೈ ಜೇಬು ಸೇರಿಸಿದಳು, ಜಿಪ್ ಸೇರಿಸಿದಳು, ಬೆಲೆಯನ್ನೂ ಏರಿಸಿದಳು.

"ಲೋಳೆ ಕೈಯಲ್ಲಿ ಜಿಪ್ ಎಳೀತಾರೇನೇ?" ಎಂದು ಅಮ್ಮ ಕೇಳಿದ್ದಳು. "ನೀನು ಒಂದು ಸಂಜೇಲಿ ಸೇರಿಸಿದ್ದನ್ನೆಲ್ಲ ತೆಗೆಯೋಕೆ ನಂಗೆ ಮೂರು ವರ್ಷ ಹಿಡಿದಿತ್ತು, ಮಾರಾಯ್ತಿ."

*

ಮಂಟಪದ ಮೆಟ್ಟಿಲ ಬಳಿ ಗದ್ದಲ. ಮೀನುಪೇಟೆಯಿಂದ ನೇರ ಬಂದವಳೊಬ್ಬಳು ಒದ್ದೆ ಏಪ್ರನ್ ಕಳಚಲಾಗದೆ ಒದ್ದಾಡುತ್ತಿದ್ದಳು. ಜೊತೆಗಾತಿ ಬೆನ್ನ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದಳು.

"ನಮ್ಮ ಅಂಗಡೀದು ತಗೋಬಾರದಿತ್ತಾ?" ವಿಲೈ ಕೇಳಿದಳು.

"ನಿಮ್ಮಮ್ಮ ಹೊಲಿಯೋವಾಗ ತಗೋತಿದ್ವಿ ಅಕ್ಕ. ಈಗ ನಿಮ್ಮದು ಬಲು ಜೋರು, ನಮ್ಮ ಕೈಗೆಟುಕಲ್ಲ," ಎಂದು ಅವಳು ನಕ್ಕಳು.

ಬೈದಿದ್ದರೆ ವಿಲೈ ತಡೆದುಕೊಳ್ಳುತ್ತಿದ್ದಳು. ನಕ್ಕದ್ದು ಕಪಾಳಕ್ಕೆ ಬಿಗಿದಂತಾಯಿತು. ಕೊಯ್ದಿಟ್ಟ ಹಾಳೆಗಳಲ್ಲಿ ಒಂದನ್ನು ತಂದು ಅವಳ ಕೈಗಿಟ್ಟಳು.

"ಉಳಿದ ಪುಸ್ತಕ ಹಾಗೇ ಹಂಚಿಬಿಡು ಸಮೋನಕ್ಕ."

"ಹಂಚಿದ ಮೇಲೆ ವಾಪಸ್ ಕೇಳೋಕಾಗಲ್ಲ ಕಣೇ."

"ಗೊತ್ತು." ವಿಲೈ ಬ್ಲೇಡನ್ನು ಕಾಗದದಲ್ಲಿ ಸುತ್ತಿಟ್ಟಳು.

ಭಿಕ್ಷುಗಳ ಪಠಣ ಮುಗಿದು ಚಿತಾಗಾರದ ಚಿಮಣಿಯಲ್ಲಿ ಹೊಗೆ ಏಳುವಾಗ, ಮೀನುಪೇಟೆಯ ಆ ಇಬ್ಬರು ನೆಲದ ಮೇಲೆ ಹಾಳೆ ಹರಡಿಕೊಂಡಿದ್ದರು. ಒಬ್ಬಳ ಬೆನ್ನನ್ನು ಇನ್ನೊಬ್ಬಳು ಗೇಣಿನಲ್ಲಿ ಅಳೆಯುತ್ತಿದ್ದಳು. ವಿಲೈ ಮೆಟ್ಟಿಲಿಳಿದು ಹೋಗಿ, ತಪ್ಪು ಜಾಗದಲ್ಲಿದ್ದ ಅಳೆಯುವವಳ ಹೆಬ್ಬೆರಳನ್ನು ಹಿಡಿದೆತ್ತಿ ಭುಜದ ಮೂಳೆಯ ಮೇಲಿಟ್ಟಳು.

"ಇಲ್ಲಿಂದ," ಎಂದಳು.