ಬಣ್ಣ ಸ್ವಲ್ಪ ಕಮ್ಮಿ

ಮದುವೆ ವಿಡಿಯೋಗಳ ಬಣ್ಣ ತಿದ್ದುವುದು ನನ್ನ ಹೊಟ್ಟೆಪಾಡು. ಕ್ಯಾಮೆರಾದವನು ಹಳದಿ ದೀಪದಡಿ ಶೂಟ್ ಮಾಡಿ, ಎಲ್ಲರಿಗೂ ಕಾಮಾಲೆ ಬರಿಸಿ ಕಳಿಸುತ್ತಾನೆ. ನಾನು ಕಂಪ್ಯೂಟರ್ ಮುಂದೆ ಕೂತು ಒಬ್ಬೊಬ್ಬರನ್ನೇ ಗುಣಪಡಿಸುತ್ತೇನೆ. ಇಷ್ಟಾದರೂ ನಮ್ಮಮ್ಮ ನೆಂಟರಿಗೆಲ್ಲ ಹೇಳುವುದು, ಮಗಳು ಟಿವಿ ರಿಪೇರಿ ಮಾಡುತ್ತಾಳೆ ಎಂದು.

ಮೊನ್ನೆ ಒಬ್ಬ ಮದುಮಗನ ತಾಯಿ ಫೋನ್ ಮಾಡಿದರು. "ವಿಡಿಯೋ ನೋಡಿದೆ ಕಣಮ್ಮಾ. ಎಲ್ಲಾ ಚೆನ್ನಾಗಿದೆ. ನಮ್ಮ ಸೊಸೇದು ಮಾತ್ರ ಬಣ್ಣ ಸ್ವಲ್ಪ ಕಮ್ಮಿ. ಜಾಸ್ತಿ ಮಾಡ್ಕೊಡು."

ನಾನೋ, ಕಸುಬಿನಲ್ಲೇ ಮುಳುಗಿದ ಪೆದ್ದಿ. ನಮ್ಮ ಕೆಲಸದಲ್ಲಿ ಬಣ್ಣ ಕಮ್ಮಿ ಎಂದರೆ ಚಿತ್ರ ಪೇಲವವಾಗಿದೆ ಎಂದರ್ಥ. ಸ್ಯಾಚುರೇಷನ್ ಏರಿಸಿದರೆ ಬಣ್ಣ ದಟ್ಟವಾಗುತ್ತದೆ. ಧಾರಾಳವಾಗಿ ಏರಿಸಿ ಕಳಿಸಿದೆ. ಎಣ್ಣೆಗಪ್ಪಿನ ಮದುಮಗಳು ಉಜ್ಜಿ ತೊಳೆದ ತಾಮ್ರದ ಪಾತ್ರೆಯ ಹಾಗೆ ಹೊಳೆದಳು. ನನಗಂತೂ ಬಲು ಹಿಡಿಸಿತು.

ಮರುದಿನ ಅತ್ತೆ ಖುದ್ದಾಗಿ ಸ್ಟುಡಿಯೋಗೆ ಬಂದಿಳಿದರು, ಸೊಸೆಯನ್ನೂ ಎಳೆದುಕೊಂಡು.

"ಏನಮ್ಮಾ, ತಮಾಷೆನಾ? ಬಣ್ಣ ಜಾಸ್ತಿ ಮಾಡು ಅಂದ್ರೆ ಇನ್ನೂ ಕಪ್ಪಗೆ ಮಾಡಿದ್ದೀಯಲ್ಲ!"

ಆಗ ಹೊಳೆಯಿತು ನನ್ನ ಮಂದಬುದ್ಧಿಗೆ. ಇವರ ಬಾಯಲ್ಲಿ ಬಣ್ಣ ಎಂದರೆ ಬಿಳುಪು! ಕಪ್ಪು ಇವರ ಲೆಕ್ಕಕ್ಕೆ ಬಣ್ಣವೇ ಅಲ್ಲ.

"ಓ, ಬೆಳ್ಳಗೆ ಮಾಡ್ಬೇಕಿತ್ತಾ?"

"ಹ್ಞೂಂ ಮತ್ತೆ! ಒಂಚೂರು ಬೆಳ್ಳಗಾದ್ರೆ ಸಾಕು. ನಮ್ಮ ಕಡೆಯೋರೆಲ್ಲ ನೋಡ್ತಾರೆ ಇದನ್ನ."

"ಬೇಡ ಅಂತ ಮನೇಲೇ ಹೇಳಿದ್ದೆ ಅತ್ತೆ," ಎಂದಳು ಸೊಸೆ, ಬಾಗಿಲ ಹತ್ತಿರ ನಿಂತೇ. "ನನ್ನ ಮದುವೇಲಿ ನನ್ನ ಮುಖಾನೇ ಇರ್ಲಿ."

"ನೀನು ಸುಮ್ನಿರು. ನಿಂಗೆ ಇದೆಲ್ಲ ಗೊತ್ತಾಗಲ್ಲ."

ತನ್ನ ಮುಖದ ವಿಷಯ ಅವಳಿಗೆ ಗೊತ್ತಾಗುವುದಿಲ್ಲವಂತೆ! ಮೈಯೆಲ್ಲ ಉರಿಯಿತು. ಆದರೆ ಗಿರಾಕಿ ಗಿರಾಕಿಯೇ. ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಕೂತೆ.

ಬೆಳ್ಳಗೆ ಮಾಡಲು ಮೊದಲು ಮೈಬಣ್ಣವನ್ನು ಹೆಕ್ಕಬೇಕು. ಕೆನ್ನೆಯ ಮೇಲೆ ಒಮ್ಮೆ ಒತ್ತಿದರೆ, ಆ ಬಣ್ಣ ಚಿತ್ರದಲ್ಲಿ ಎಲ್ಲೆಲ್ಲಿದೆಯೋ ಅಷ್ಟನ್ನೂ ಸಾಫ್ಟ್‌ವೇರ್ ಹಿಡಿದು, ಮಿಕ್ಕಿದ್ದನ್ನು ಬೂದು ಮಾಡಿ ತೋರಿಸುತ್ತದೆ. ಅತ್ತೆ ಯಾರು, ಸೊಸೆ ಯಾರು ಎಂಬುದೆಲ್ಲ ಅದಕ್ಕೆ ತಿಳಿಯದು. ಮನೆಯವರೆಲ್ಲ ಸಾಲಾಗಿ ನಿಂತ ದೃಶ್ಯ ತೆಗೆದು, ಸೊಸೆಯ ಕೆನ್ನೆಯ ಮೇಲೆ ಒತ್ತಿದೆ. ಪರದೆಯೆಲ್ಲ ಬೂದಾಯಿತು. ಬಣ್ಣ ಉಳಿದದ್ದು ಸೊಸೆಯ ಮುಖಕ್ಕೆ, ಪಕ್ಕದಲ್ಲಿದ್ದ ಮಗರಾಯನ ಮುಖಕ್ಕೆ, ಆಮೇಲೆ ಒಂದು ಕುತ್ತಿಗೆಗೆ, ಎರಡು ಕೈಗಳಿಗೆ.

"ಅದ್ಯಾರ ಕತ್ತು?" ಅತ್ತೆ ಕನ್ನಡಕ ಸರಿಮಾಡಿಕೊಂಡರು.

"ನಿಮ್ದೇ ಅಮ್ಮಾ. ಮುಖಕ್ಕೆ ಪೌಡರ್ ಇತ್ತಲ್ಲ, ಅದಕ್ಕೇ ಮುಖ ಸಿಕ್ಕಿಲ್ಲ."

"ಮಗಂದು ಹಾಗೇ ಬಿಡು. ಗಂಡಸು, ಹೇಗಿದ್ರೂ ನಡೆಯುತ್ತೆ," ಎಂದರು. ಕತ್ತಿನ ಸುದ್ದಿಯನ್ನೇ ಎತ್ತಲಿಲ್ಲ.

ಸೊಸೆ ಪರದೆಯ ಹತ್ತಿರ ಬಂದಳು. "ಮೂರೂ ಜನದ್ದೂ ಒಂದೇ ಬಣ್ಣ ಅಲ್ವಾ ಅತ್ತೆ? ಮತ್ತೆ ನಂಗೊಬ್ಬಳಿಗೇ ಹೇಗೆ ಕಮ್ಮಿ ಆಯ್ತು?"

ಅತ್ತೆಗೆ ಸಿಟ್ಟು ನೆತ್ತಿಗೇರಿತು. "ಹೇಗೆ ಅಂದ್ರೆ? ನಾನು ಸೊಸೆಯಾಗಿ ಬಂದಾಗ ನಂಗೂ ಹೀಗೇ ಅಂದ್ರು. ನಾನೇನು ಸತ್ತೋದ್ನಾ? ಬಾಯಿ ಮುಚ್ಕೊಂಡು ಪೌಡರ್ ಹಚ್ಕೊಂಡೆ. ಇವತ್ತಿಗೂ ಹಚ್ಕೋತೀನಿ, ನಿಮ್ಮ ಮಾವ ಏಳೋಕ್ಕೆ ಮುಂಚೆ!"

ಆಡಿದ ಮೇಲೆ ತಾವೇ ಬೆಚ್ಚಿದರು. ಪಾಪ ಅನ್ನಿಸಿತು ನನಗೆ.

"ಅಕ್ಕಾ, ಮೊದಲಿದ್ದ ಹಾಗೆ ಮಾಡೋದು ಯಾವುದು?" ಎಂದಳು ಸೊಸೆ. ರೀಸೆಟ್ ತೋರಿಸಿದೆ. ಅವಳೇ ಒತ್ತಿದಳು. ಅತ್ತೆ ತಡೆಯಲಿಲ್ಲ.

ಸೊಸೆ ಮೆಟ್ಟಿಲಿಳಿದ ಮೇಲೆ ಮಾತ್ರ ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿದರು. "ನನ್ನ ಮುಖ, ಕತ್ತು ಎರಡೂ ಒಂದೇ ಬಣ್ಣ ಕಾಣೋ ಹಾಗೆ ಮಾಡ್ಬಿಡಮ್ಮಾ. ಯಾರಿಗೂ ಹೇಳ್ಬೇಡ."

ಮಾಡಿಕೊಟ್ಟೆ. ಕತ್ತನ್ನು ಮುಟ್ಟಲಿಲ್ಲ, ಮುಖವನ್ನೇ ಕತ್ತಿನ ಬಣ್ಣಕ್ಕೆ ತಂದೆ. ನಿಜ ಹೇಳುತ್ತೇನೆ, ಇಡೀ ಮದುವೆಯಲ್ಲಿ ಅವರಷ್ಟು ಲಕ್ಷಣವಾಗಿ ಇನ್ನೊಬ್ಬರು ಕಾಣಲಿಲ್ಲ.